ತಾರಸಿ ಮೇಲೆ ವೆಲ್ಡಿಂಗ್: ಬಾಡಿಗೆ ಮನೆ, ಸಿಂಗಲ್ ಫೇಸ್, ಹೂಕುಂಡದ ಸ್ಟ್ಯಾಂಡು

ಎರಡನೇ ಮಹಡಿ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಬೆಂಗಳೂರಿನ ಶ್ರೀನಗರದಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ, ಮೇಲೆ ತಾರಸಿ. ಓನರ್ ಒಳ್ಳೆಯವರು, ತಾರಸಿ ನಮಗೇ ಬಿಟ್ಟಿದ್ದಾರೆ. ಅಮ್ಮ ಅಲ್ಲಿ ದಾಸವಾಳ, ಸೇವಂತಿಗೆ, ಕರಿಬೇವು, ದೊಡ್ಡಪತ್ರೆ ಅಂತ ಸಾಲಾಗಿ ಕುಂಡ ಜೋಡಿಸಿದ್ದಾರೆ. ಎಲ್ಲಾ ನೆಲದ ಮೇಲೇ. ಮಳೆ ಬಂದ್ರೆ ಕುಂಡದ ಬುಡದಲ್ಲಿ ನೀರು ನಿಂತು ಪಾಚಿ, ಅದನ್ನ ಬಗ್ಗಿ ಉಜ್ಜೋದು ಅಮ್ಮನ ಸೊಂಟಕ್ಕೆ ಆಗ್ತಿಲ್ಲ. ಮೂರು ಹಂತದ ಕಬ್ಬಿಣದ ಸ್ಟ್ಯಾಂಡು ಮಾಡಬೇಕು. ಬೀದಿ ಕೊನೆಯ ವೆಲ್ಡಿಂಗ್ ಶಾಪಿಗೆ ಕೊಟ್ಟರೆ ಆಗೋಗುತ್ತೆ, ಗೊತ್ತು. ಆದರೆ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕೂತು ಕೈಗೆ ಏನಾದರೂ ಕೆಲಸ ಬೇಕು ಅನ್ನಿಸಿದೆ. ಡ್ರಿಲ್ ಹಿಡಿದು ಗೊತ್ತು, ಗ್ರೈಂಡರ್ ಮುಟ್ಟಿಲ್ಲ.

ಕೇಳಬೇಕಿರೋದು ಇಷ್ಟು. ಅಂಗಡಿಯಲ್ಲಿ 200 ಆಂಪ್ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ತೋರಿಸಿದರು. ನಮ್ಮ ಮೀಟರ್ 3 ಕಿಲೋವ್ಯಾಟ್, ತಡೆಯುತ್ತಾ? ಪೈಪ್ ಯಾವುದು ತಗೋಬೇಕು? ಕೈ ಕೂತ ಮೇಲೆ 500 ಲೀಟರ್ ಟ್ಯಾಂಕಿಗೆ ಆರಡಿ ಎತ್ತರದ ಸ್ಟ್ಯಾಂಡನ್ನೂ ನಾನೇ ಮಾಡೋಣ ಅಂತಿದೀನಿ. ಯೂಟ್ಯೂಬಲ್ಲಿ ಎಲ್ಲರೂ ಸಲೀಸಾಗಿ ಮಾಡ್ತಾರೆ.

ಕರೆಂಟು ಕಂಬ:

ಮೆಷಿನ್ ಮೇಲೆ 200 ಅಂತ ಬರೆದಿದೆ ಅಂತ ಮೀಟರ್‌ನಿಂದ 200 ಎಳೆಯಲ್ಲ ಗುರು. ಅದು ರಾಡ್ ಕಡೆಯ ಲೆಕ್ಕ, ರಾಡ್ ಅಂದ್ರೆ ಕರಗಿ ಜಾಯಿಂಟ್ ತುಂಬೋ ಲೇಪದ ಕಡ್ಡಿ. ತೆಳು ಪೈಪಿಗೆ ನೀನು 2.5 ಎಂಎಂ ರಾಡ್ ಹಾಕಿ 70, ಹೆಚ್ಚಂದ್ರೆ 80ರಲ್ಲಿ ಸುಡ್ತೀಯ. ಆರ್ಕ್‌ನಲ್ಲಿ, ಅಂದ್ರೆ ರಾಡ್ ತುದಿಯಲ್ಲಿ ಉರಿಯೋ ಬೆಳಕಲ್ಲಿ, ಇರೋದು 23 ವೋಲ್ಟು. ಗುಣಿಸಿದರೆ 1,840 ವ್ಯಾಟ್, ಮೆಷಿನ್ ತಿನ್ನೋದೂ ಸೇರಿಸಿದರೆ 2,300ರ ಹತ್ತಿರ. 230 ವೋಲ್ಟಿಗೆ 10 ಆಂಪ್ ಆಗಬೇಕು, ಆದರೆ ಈ ಸಣ್ಣ ಮೆಷಿನ್‌ಗಳ ಪವರ್ ಫ್ಯಾಕ್ಟರ್ ಚೆನ್ನಾಗಿರಲ್ಲ, ಅಂದ್ರೆ ಅದೇ ಕೆಲಸಕ್ಕೆ ಜಾಸ್ತಿ ಕರೆಂಟು ಎಳೆಯುತ್ತವೆ, 14ರವರೆಗೆ ಎಳೆಯುತ್ತೆ ಅಂತ ಇಟ್ಕೋ. 16 ಆಂಪಿನ ಪವರ್ ಪ್ಲಗ್ ತಡೆಯುತ್ತೆ. ಮೊಬೈಲ್ ಚಾರ್ಜ್ ಮಾಡೋ 6 ಆಂಪ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಚುಚ್ಚೋಕೆ ಹೋಗಬೇಡ. ಗೀಸರ್ ಆಫ್ ಮಾಡಿ ಶುರು ಮಾಡು.

ತಾರಸಿಗೆ ವೈರ್ ಎಳೀಬೇಕಲ್ಲ, ಅಲ್ಲೇ ಎಲ್ಲರೂ ದುಡ್ಡು ಉಳಿಸೋದು. 2.5 ಸ್ಕ್ವೇರ್ ಎಂಎಂ ತಾಮ್ರದ ಮೂರು ಎಳೆ ಕೇಬಲ್ ತಗೋ. ರೀಲ್‌ಗೆ ಸುತ್ತಿದ್ದರೆ ಪೂರ್ತಿ ಬಿಚ್ಚಿ ಹರಡು, ಸುತ್ತಿದ್ದಂಗೇ ಓಡಿಸಿದರೆ ಒಳಗೊಳಗೇ ಕಾದು ಪ್ಲಾಸ್ಟಿಕ್ ಕರಗುತ್ತೆ. 30 ಮಿಲಿಆಂಪಿನ ಆರ್‌ಸಿಸಿಬಿ, ಅಂದ್ರೆ ಕರೆಂಟು ಸೋರಿದರೆ ತಾನೇ ಆಫ್ ಆಗೋ ಸ್ವಿಚ್ಚು, ಇದೆಯಾ ನೋಡು. ಹಳೇ ಮನೆಗಳಲ್ಲಿ ಇರಲ್ಲ. ಮತ್ತೆ ಮೆಷಿನ್ ಜೊತೆ ಬರೋ ‘ಅರ್ತ್ ಕ್ಲ್ಯಾಂಪ್’ ನಿನ್ನ ಜೀವ ಕಾಯೋ ಅರ್ತ್ ಅಲ್ಲ, ಕರೆಂಟು ವಾಪಸ್ ಬರೋ ದಾರಿ. ಅದನ್ನ ಕೆಲಸದ ಪೀಸಿಗೇ ಹಾಕು, ತಾರಸಿ ರೇಲಿಂಗಿಗಲ್ಲ.

ಹಳೇ ಫಿಟ್ಟರ್:

ತಮ್ಮಾ, ಮೊದಲು ಟ್ಯಾಂಕಿನ ಮಾತು ಮುಗಿಸಿಬಿಡ್ತೀನಿ. ಅದನ್ನ ಕೈಬಿಡು. 500 ಲೀಟರ್ ಅಂದ್ರೆ ನೀರೇ 500 ಕೆಜಿ, ಅದೂ ಆರಡಿ ಮೇಲೆ, ಕೆಳಗೆ ಜನ ಓಡಾಡೋ ಬೀದಿ. ಹೊಸಬರ ವೆಲ್ಡು ಮೇಲಿಂದ ನೋಡೋಕೆ ಚೆನ್ನಾಗೇ ಇರುತ್ತೆ, ಒಳಗೆ ಹಿಡಿದಿರಲ್ಲ. ಕುಂಡದ ಸ್ಟ್ಯಾಂಡ್ ಬಿಟ್ಟುಕೊಂಡರೆ ಒಂದು ದಾಸವಾಳದ ಗಿಡ ಹೋಗುತ್ತೆ, ಟ್ಯಾಂಕ್ ಬಿಟ್ಟುಕೊಂಡರೆ ಏನು ಹೋಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಅದು ಓನರ್ ಕರೆಸಿ ಮಾಡಿಸಬೇಕಾದ ಕೆಲಸ.

ಇನ್ನು ನಿನ್ನ ಸ್ಟ್ಯಾಂಡು. ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡಲ್ಲೇ ನನ್ನ ಸರ್ವೀಸೆಲ್ಲ ಮುಗೀತು. ಐಟಿಐ ಮುಗಿಸಿ ಬರೋ ಹುಡುಗರೆಲ್ಲ ಮೊದಲು ಕೇಳೋದು ರಾಡ್ ಕಚ್ಚಿಸೋ ಹೋಲ್ಡರ್. ನಾನು ಕೊಡ್ತಿದ್ದದ್ದು ಅರ. ಈ ಕೆಲಸದಲ್ಲಿ ಕಿಡಿ ಹಾರೋದು ಕಾಲು ಭಾಗ ಅಷ್ಟೇ. ಮುಕ್ಕಾಲು ಭಾಗ ಕತ್ತರಿಸೋದು, ಕೂರಿಸೋದು, ಮೂಲೆ ನೋಡೋದು. ಪೀಸು ಸರಿಯಾಗಿ ಕೂತಿದ್ದರೆ ಹೊಸಬನ ವೆಲ್ಡೂ ನಿಲ್ಲುತ್ತೆ. ಸಂದು ಬಿಟ್ಟಿದ್ದರೆ ನಾನು ಹೊಡೆದರೂ ತೂತೇ.

ಪೈಪು: ಒಂದಿಂಚು ಚೌಕದ ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣ) ಪೈಪ್, 16 ಗೇಜ್, ಅಂದ್ರೆ ಗೋಡೆ 1.6 ಎಂಎಂ. ಕಾಲುಗಳಿಗೆ ಒಂದೂವರೆ ಇಂಚಿಂದು ತಗೋ. 12 ಇಂಚಿನ ಕುಂಡ ನೀರು ಕುಡಿದಾಗ 20 ಕೆಜಿ ದಾಟುತ್ತೆ, ಹಂತಕ್ಕೆ ನಾಲ್ಕಿಟ್ಟರೆ ಮೂರು ಹಂತಕ್ಕೆ 240 ಕೆಜಿ. ಆದ್ದರಿಂದ ಸ್ಟ್ಯಾಂಡನ್ನ ತಾರಸಿ ನಡುಮಧ್ಯೆ ಇಡಬೇಡ, ಕೆಳಗೆ ಗೋಡೆ ಬರೋ ಕಡೆ ಇಡು. ಸಾಮಾನು ಕಾಮಾಕ್ಷಿಪಾಳ್ಯ, ಮಾಗಡಿ ರೋಡ್ ಕಡೆ ಎಲ್ಲಾದರೂ ಸಿಗುತ್ತೆ. ಟೂಲ್ಸಿಗೆ ಎಸ್‌ಜೆಪಿ ರೋಡು, ಎಸ್‌ಪಿ ರೋಡು. ಭಾನುವಾರ ಹೋದರೆ ಬಹಳಷ್ಟು ಶಟರ್ ಎಳೆದಿರುತ್ತೆ.

ಪೈಪ್ ಬರೋದು 20 ಅಡಿ ಉದ್ದ, ಮಾರೋದು ತೂಕದಲ್ಲಿ. ಒಂದಿಂಚು 16 ಗೇಜಿನ ಪೂರ್ತಿ ಪೈಪು ತಕ್ಕಡಿ ಮೇಲೆ 7 ಕೆಜಿ ಚಿಲ್ಲರೆ ಬರಬೇಕು. ಐದೂವರೆ ಬಂದರೆ ಅದು 18 ಗೇಜು, ಅಂಗಡಿಯವರು ಬಾಯಲ್ಲಿ ಏನೇ ಹೇಳಲಿ. ಮನೆಯಲ್ಲೇ ಕೂತು ಯಾವ ಪೀಸು ಎಷ್ಟು ಉದ್ದ ಅಂತ ಚೀಟಿ ಬರ್ಕೊಂಡು ಹೋಗು, ಅಲ್ಲೇ ಎರಡು ತುಂಡು ಮಾಡಿಸಿದರೆ ಲಗೇಜ್ ಆಟೋದಲ್ಲಿ ಬರುತ್ತೆ.

ಕತ್ತರಿಸೋಕೆ ಗ್ರೈಂಡರೇ ಬೇಕು ಅಂತಿಲ್ಲ. ಇಂಚಿಗೆ 24 ಹಲ್ಲಿನ ಬ್ಲೇಡ್ ಹಾಕಿದ ಹ್ಯಾಕ್ಸಾ ಸಾಕು, ನಿನಗೆ ಆತುರವಂತೂ ಇಲ್ಲ. ಮೂಲೆಮಟ್ಟ ಇಟ್ಟು ನಾಲ್ಕೂ ಮುಖದ ಮೇಲೆ ಗೆರೆ ಎಳಿ. ಒಂದೇ ಮುಖದ ಗೆರೆ ನಂಬಿ ಕೊಯ್ದರೆ ಆಚೆ ಬದಿಗೆ ಬರುವಾಗ ಎರಡು ಎಂಎಂ ಜಾರಿರುತ್ತೆ, ಆ ಎರಡು ಎಂಎಂ ನಿನ್ನ ತೂತು. ಕೊಯ್ದ ಅಂಚಿನ ಮುಳ್ಳು ಅರದಲ್ಲಿ ತೆಗಿ, ಜಾಯಿಂಟ್ ಹತ್ತಿರ ಒಂದಿಂಚು ಎಣ್ಣೆ, ಕಪ್ಪು ಎಲ್ಲ ಉಜ್ಜಿ ಬೆಳ್ಳಗೆ ಮಾಡು.

ಈಗ ಕೂರಿಸೋದು. ತಾರಸಿ ನೆಲ ನಂಬಬೇಡ. ಮಳೆನೀರು ಪೈಪಿಗೆ ಹರೀಲಿ ಅಂತ ಇಳಿಜಾರು ಕೊಟ್ಟಿರ್ತಾರೆ, ಅದರ ಮೇಲೆ ಜೋಡಿಸಿದ ಫ್ರೇಮು ತಿರುಚಿಕೊಂಡೇ ಬರುತ್ತೆ. ಇಟ್ಟಿಗೆ ಮೇಲೆ ಎರಡು ನೇರ ಪೈಪ್ ಇಟ್ಟು, ರಸಮಟ್ಟದಲ್ಲಿ ಸಮ ಮಾಡಿ, ಅದರ ಮೇಲೆ ಜೋಡಿಸು. ಬರೀ ಕಾಂಕ್ರೀಟ್ ಮೇಲೆ ಸುಟ್ಟರೆ ಅದು ಪಟ್ ಅಂತ ಸಿಡಿಯೋದೂ ಉಂಟು.

ಒಂದು ಹಂತದ ಫ್ರೇಮು 1,200ಕ್ಕೆ 300 ಎಂಎಂ ಅಂತಿಟ್ಕೋ. ನಾಲ್ಕು ಮೂಲೆಗೂ ಒಂದೊಂದೇ ಟ್ಯಾಕ್, ಅಂದ್ರೆ ಸದ್ಯಕ್ಕೆ ಹಿಡಿದುಕೊಳ್ಳೋ ವೆಲ್ಡ್ ಚುಕ್ಕೆ, ಅಕ್ಕಿ ಕಾಳಷ್ಟು. ಆಮೇಲೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಳಿ. ಎರಡೂ ಕಡೆ 1,237 ಬರಬೇಕು. ಒಂದು ಕಡೆ 1,240, ಇನ್ನೊಂದು ಕಡೆ 1,234 ಬಂದರೆ ಉದ್ದ ಇರೋ ಮೂಲೆಗೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿ, ಒಂದೇ ಟ್ಯಾಕ್ ಇರೋದರಿಂದ ಅದು ಬಗ್ಗುತ್ತೆ. ಸಮ ಬಂದ ಮೇಲೆ ಎದುರು ಬದಿಯಲ್ಲಿ ಎರಡನೇ ಟ್ಯಾಕ್. ಮತ್ತೆ ಅಳಿ. ಕಬ್ಬಿಣ ಆರುವಾಗ ವೆಲ್ಡ್ ಇರೋ ಕಡೆಗೇ ಎಳೆಯುತ್ತೆ, ಅದಕ್ಕೇ ಒಂದು ಮೂಲೆಯನ್ನ ಪೂರ್ತಿ ಸುಟ್ಟು ಮುಂದಿನದಕ್ಕೆ ಹೋಗಬಾರದು. ಒಂದು ಮೂಲೆಯಲ್ಲಿ ಒಂದು ಬದಿ, ಆಮೇಲೆ ಅದರ ಎದುರು ಮೂಲೆ, ಹಾಗೆ ಸುತ್ತಾಡು.

ರಾಡು 6013 ನಂಬರಿನ ಜಾತಿ, 2.5 ಎಂಎಂ, 65 ಆಂಪಿಂದ ಶುರು. ಹೋಲ್ಡರ್ ಮೈನಸ್‌ಗೆ, ತೆಳು ಗೋಡೆಗೆ ಅದು ಒಳ್ಳೇದು. ಪೀಸನ್ನೇ ತಿರುಗಿಸಿಕೊಂಡು ಎಲ್ಲಾ ಮಟ್ಟಸವಾಗಿ ಹೊಡಿ, ನಿಂತ ವೆಲ್ಡು ಈಗಲೇ ಬೇಡ. ಗ್ಲಾಸ್ ಒಳಗಿಂದ ಬೆಳಕಿನ ತುದಿ ನೋಡಬೇಡ, ಅದರ ಹಿಂದೆ ಕರಗಿ ನಿಂತ ಲೋಹ ನೋಡು. ಕಿಟ್ಟ, ಅಂದ್ರೆ ರಾಡಿನ ಲೇಪ ಕರಗಿ ಬರೋ ಕಸ, ಅದರ ಮೇಲೆ ತೇಲಾಡುತ್ತೆ. ರಾಡನ್ನ ನೆಟ್ಟಗೆ ನಿಲ್ಲಿಸಿದರೆ, ಇಲ್ಲಾ ಕರೆಂಟು ಕಮ್ಮಿ ಇಟ್ಟರೆ, ಕಿಟ್ಟ ಮುಂದಕ್ಕೆ ಓಡಿ ಲೋಹದ ಅಡಿಗೆ ಸಿಕ್ಕಿಹಾಕೊಳ್ಳುತ್ತೆ. ಸ್ವಲ್ಪ ವಾಲಿಸಿ ಎಳಿ, ಕಿಟ್ಟ ಹಿಂದೇ ಇರುತ್ತೆ.

ಸ್ಟ್ಯಾಂಡಿಗೆ ಕೈ ಹಾಕೋ ಮೊದಲು ಗುಜರಿಯಿಂದ 5 ಎಂಎಂ ಪಟ್ಟಿ ತುಂಡು ತಂದು ಒಂದರ ಮೇಲೊಂದು ನೆಟ್ಟಗೆ ನಿಲ್ಲಿಸಿ ಒಂದೇ ಬದಿ ವೆಲ್ಡ್ ಮಾಡು. ಪಟ್ಟಿ ದಪ್ಪ, ಅದಕ್ಕೆ 85, 90 ಆಂಪ್ ಬೇಕು. ಆರಿದ ಮೇಲೆ ವೈಸಿಗೆ ಕಚ್ಚಿಸಿ, ವೆಲ್ಡ್ ಇರೋ ಕಡೆಗೆ ಮಡಚೋ ಹಾಗೆ ಸುತ್ತಿಗೆಯಲ್ಲಿ ಹೊಡಿ. ಮುರಿದ ಬಾಯಲ್ಲಿ ಕಪ್ಪು ಗೆರೆ ಕಂಡರೆ ಕಿಟ್ಟ, ಸಣ್ಣ ಗೂಡು ಕಂಡರೆ ಗಾಳಿ, ಅಡಿಯ ಪಟ್ಟಿ ಮುಖ ಹಾಗೇ ಹೊಳೀತಿದ್ದರೆ ಹಿಡಿದೇ ಇಲ್ಲ. ಮುರಿಯದೆ ಮಡಚಿಕೊಂಡರೆ ಪೈಪಿಗೆ ಹೋಗು.

ಪೈಪಿನ ತೆರೆದ ಬಾಯಿಗೆಲ್ಲ ಮುಚ್ಚಳ ಹಾಕು, ಆದರೆ ಅದಕ್ಕೆ ಮೊದಲು ಕಣ್ಣಿಗೆ ಕಾಣದ ಅಡಿಭಾಗದಲ್ಲಿ ಒಂದು 6 ಎಂಎಂ ತೂತು ಕೊರಿ. ಇಲ್ಲದಿದ್ದರೆ ಒಳಗಿನ ಗಾಳಿ ಕಾದು ಉಬ್ಬಿ, ಕೊನೇ ಚುಕ್ಕೆ ಮುಚ್ಚುವಾಗ ಕರಗಿದ ಲೋಹವನ್ನ ಉಗಿದು ಹಾಕುತ್ತೆ. ಎಷ್ಟು ತುಂಬಿದರೂ ಆ ಸೂಜಿ ತೂತು ಮುಚ್ಚಲ್ಲ. ಕಾಲಿನ ತುದಿಗೆ 12 ಎಂಎಂ ನಟ್ ವೆಲ್ಡ್ ಮಾಡಿ ಬೋಲ್ಟ್ ತಿರುಗಿಸಿಡು, ಇಳಿಜಾರು ತಾರಸಿಯಲ್ಲಿ ಒಂದೊಂದು ಕಾಲನ್ನೂ ಬೇಕಾದಷ್ಟು ಎತ್ತಿ ಸಮ ಮಾಡ್ಕೋಬಹುದು. ಬೋಲ್ಟ್ ತಲೆ ಅಡಿಗೆ ಮೂರಿಂಚು ಚೌಕದ ದಪ್ಪ ತಗಡು ಇಡು, ನೆಲ ಕೊರೆಯಲ್ಲ.

ಗ್ಯಾಸ್ ಸಿಲಿಂಡರ್:

ಯಜಮಾನ್ರೇ, ಇನ್ನೂ ರಾಡ್ ಕಾಲದಲ್ಲೇ ಇದೀರಲ್ಲ. ತೆಳು ಪೈಪಿಗೆ ಮಿಗ್ ಹಾಕ್ಸಿ, ರಾಡ್ ಬದಲು ತಾನೇ ಬರೋ ವೈರು, ಸುತ್ತ ಕಾಯೋ ಗ್ಯಾಸು, ಹೊಸಬರಿಗೂ ಬೇಗ ಕೈ ಕೂರುತ್ತೆ, ಕಿಟ್ಟ ಕುಟ್ಟೋ ಗೋಜಿಲ್ಲ. ಇನ್ನೊಂದು, ಮಳೆಗೆ ಇಡೋ ಸ್ಟ್ಯಾಂಡಿಗೆ ಎಂಎಸ್ ಯಾಕೆ? ಜಿಐ, ಅಂದ್ರೆ ಸತು ಲೇಪದ ಪೈಪ್ ತಗೊಂಡರೆ ತುಕ್ಕಿನ ಮಾತೇ ಇಲ್ಲ.

ಹಳೇ ಫಿಟ್ಟರ್:

ಶೆಡ್ಡಲ್ಲಿ ಮಿಗ್ ರಾಜ, ಒಪ್ತೀನಿ. ಎರಡನೇ ಮಹಡಿಯ ತಾರಸಿಯಲ್ಲಿ ಆಷಾಢದ ಗಾಳಿ ಬೀಸಿದರೆ ನಿಮ್ಮ ಗ್ಯಾಸು ಪಕ್ಕದ ಮನೆಗೆ ಹೋಗುತ್ತೆ, ವೆಲ್ಡ್ ಜಾಲರಿ ಆಗುತ್ತೆ. ಗ್ಯಾಸ್ ಇಲ್ಲದ ಫ್ಲಕ್ಸ್ ವೈರ್ ಇದೆ ನಿಜ, ಅದಕ್ಕೂ ಕಿಟ್ಟ ಕುಟ್ಟಬೇಕು.

ಜಿಐ ಬೇಡ ಅನ್ನೋದು ಹುಡುಗನ ಪುಪ್ಪಸಕ್ಕಾಗಿ. ಸತು 907 ಡಿಗ್ರಿಗೇ ಕುದಿದು ಆವಿ ಆಗುತ್ತೆ, ಕಬ್ಬಿಣ ಕರಗೋಕೆ 1,500ರ ಹತ್ತಿರ ಬೇಕು. ಅಂದ್ರೆ ವೆಲ್ಡ್ ಕೂರೋ ಮೊದಲೇ ಸತುವಿನ ಬಿಳಿ ಹೊಗೆ ಮೂಗಿಗೆ. ಸಂಜೆ ಮನೆಗೆ ಹೋದ ಮೇಲೆ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಕಬ್ಬಿಣದ ರುಚಿ. ಒಂದೆರಡು ದಿನಕ್ಕೆ ಇಳಿಯುತ್ತೆ, ಹಾಗಂತ ಬರಿಸ್ಕೊಳ್ಳೋದು ಯಾಕೆ? ಹಾಲು ಕುಡಿದರೆ ಏನೂ ಆಗಲ್ಲ ಅಂತ ಶೆಡ್ಡಲ್ಲಿ ಎಲ್ಲರೂ ಹೇಳ್ತಾರೆ, ಶುದ್ಧ ಸುಳ್ಳು. ಎಂಎಸ್ ತಗೊಂಡು ರೆಡ್ ಆಕ್ಸೈಡ್ ಒಂದು ಕೋಟು, ಎನಾಮೆಲ್ ಎರಡು ಕೋಟು ಹೊಡೆದರೆ ಸಾಕು. ಜಾಯಿಂಟ್ ಮೇಲಿನ ಕಿಟ್ಟ ಒಂಚೂರೂ ಬಿಡದೆ ಕುಟ್ಟಿ ತೆಗೆದು ಹೊಡೀಬೇಕು, ಬಣ್ಣ ಏಳೋದು ಅಲ್ಲಿಂದಲೇ.

ಸಂಡಿಗೆ ಕಾಲ:

ನಾನು ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಜಾವ ಎರಡು ಕಣ್ಣೂ ಮುಚ್ಚಿಕೊಂಡು, ಹೆಂಡತಿ ಕೈ ಹಿಡಿದು ಬರೋ ವೆಲ್ಡರ್‌ಗಳನ್ನ ನೋಡ್ತಾನೇ ಇರ್ತೀನಿ. ಸುಡುವಾಗ ಏನೂ ಗೊತ್ತಾಗಲ್ಲ, ಆರೇಳು ಗಂಟೆ ಆದ ಮೇಲೆ ಕಣ್ಣಲ್ಲಿ ಮರಳು ಹಾಕಿ ಉಜ್ಜಿದ ಹಾಗೆ. ಆಲೂಗಡ್ಡೆ ಹೋಳು, ಎದೆಹಾಲು ಎಲ್ಲ ಹಾಕ್ಕೊಂಡು ಬಂದಿರ್ತಾರೆ. ಅದ್ಯಾವುದೂ ಬೇಡ, ಮೆಡಿಕಲ್ ಶಾಪಲ್ಲಿ ಮರಗಟ್ಟಿಸೋ ಡ್ರಾಪ್ಸ್ ಕೇಳಿ ತಂದು ಮನೇಲಿ ಹಾಕ್ಕೊಳ್ಳೋದಂತೂ ಬೇಡವೇ ಬೇಡ, ಕರಿಗುಡ್ಡೆಯ ಪೊರೆ ಹಾಳಾಗುತ್ತೆ. ಶ್ರೀನಗರದಿಂದ ಮಿಂಟೋ ಕಣ್ಣಿನ ಆಸ್ಪತ್ರೆ ಹತ್ತಿರವೇ ಇದೆ, ಹೋಗಿ ತೋರಿಸಿ. ಹೆಲ್ಮೆಟ್ ಶೇಡ್, ಅಂದ್ರೆ ಗಾಜಿನ ಕಪ್ಪಿನ ನಂಬರು, 10 ಅಥವಾ 11 ಇರಲಿ. ಕಪ್ಪು ಕೂಲಿಂಗ್ ಗ್ಲಾಸ್ ಅದಕ್ಕೆ ಬದಲಿ ಅಲ್ಲ. ಗ್ರೈಂಡರ್ ಹಿಡಿದಾಗ ಬಿಳಿ ಸೇಫ್ಟಿ ಗ್ಲಾಸು, ಗಾರ್ಡ್ ಬಿಚ್ಚಬೇಡಿ. ಅಮ್ಮ ನೋಡೋಕೆ ಬಂದು ಪಕ್ಕದಲ್ಲಿ ನಿಂತರೆ ಅವರ ಕಣ್ಣಿಗೂ ಹೊಡೆಯುತ್ತೆ, ಒಂದು ತಗಡು ಅಡ್ಡ ಇಡಿ.

ಇನ್ನೊಂದು ವಿಷಯ ಪಕ್ಕದ ಮನೆಯವಳಾಗಿ ಹೇಳ್ತೀನಿ. ಗ್ರೈಂಡರ್ ಕಿಡಿ ಪ್ಯಾರಾಪೆಟ್ ದಾಟಿ ಬರುತ್ತೆ. ನಮ್ಮ ಕಿಟಕಿ ಗಾಜಿಗೆ ಅಂಟಿದ ಚುಕ್ಕೆಗಳು ಮಳೆ ಬಂದ ಮೇಲೆ ತುಕ್ಕಾಗಿ ಕಂದು ಬಣ್ಣಕ್ಕೆ ತಿರುಗಿ ಇವತ್ತಿಗೂ ಹೋಗಿಲ್ಲ. ಮಾರ್ಚಲ್ಲಿ ಸಂಡಿಗೆ ಒಣಹಾಕಿದ ಪಂಚೆ ಮೇಲೆ ಬಿದ್ದರೆ ಯಾವ ಬಾಯಲ್ಲಿ ಸಮಾಧಾನ ಹೇಳ್ತೀರಿ? ಭಾನುವಾರ ಮಧ್ಯಾಹ್ನ ಊಟ ಆದ ಮೇಲಂತೂ ದಯವಿಟ್ಟು ಮುಟ್ಟಬೇಡಿ.

ಎರಡನೇ ಮಹಡಿ:

ಎಲ್ಲರಿಗೂ ಥ್ಯಾಂಕ್ಸ್. ಟ್ಯಾಂಕ್ ಕ್ಯಾನ್ಸಲ್, ಓನರ್‌ಗೆ ಹೇಳಿದೆ. ಫಿಟ್ಟರ್ ಸರ್, ಒಂದೇ ಒಂದು ಪ್ರಶ್ನೆ. ಪರಿಚಯದವರ ಹತ್ತಿರ 6013 ರಾಡ್ ಹಳೇ ಸ್ಟಾಕ್ ಇದೆಯಂತೆ, ಅರ್ಧ ರೇಟಿಗೆ ಕೊಡ್ತೀನಿ ಅಂತಾರೆ. ಕೆಲವು ರಾಡ್ ಮೇಲಿನ ಲೇಪ ಉದುರಿದೆ, ಡಬ್ಬಿ ತೆರೆದೇ ಇತ್ತಂತೆ. ಒಲೆ ಪಕ್ಕ ಇಟ್ಟು ಒಣಗಿಸಿದರೆ ನಡೆಯುತ್ತಾ?

ಹಳೇ ಫಿಟ್ಟರ್:

ಬರೀ ತೇವ ಆಗಿದ್ದರೆ 110 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಉಪಯೋಗಿಸಬಹುದಿತ್ತು. ಲೇಪ ಉದುರಿದ್ದನ್ನ ಒಣಗಿಸಿ ಪ್ರಯೋಜನ ಇಲ್ಲ. ಕರಗಿದ ಲೋಹಕ್ಕೆ ಗಾಳಿ ತಾಕದ ಹಾಗೆ ಕಾಯೋದೇ ಆ ಲೇಪ. ಅದಿಲ್ಲದ ಕಡೆ ಆರ್ಕ್ ಒಂದೇ ಪಕ್ಕಕ್ಕೆ ಓಡುತ್ತೆ, ನಿನ್ನ ಕೈಯೇ ಸರಿ ಇಲ್ಲ ಅಂದ್ಕೊಂಡು ಬೇಜಾರಾಗಿ ಮೆಷಿನ್ ಮಾರ್ತೀಯ. ಹೊಸದು ಒಂದು ಕೆಜಿ ತಗೋ, 2.5ರದ್ದು ಕೆಜಿಗೆ 50 ರಾಡಿನ ಆಸುಪಾಸು ಬರುತ್ತೆ, ಕಲಿಯೋದಕ್ಕೂ ಸ್ಟ್ಯಾಂಡಿಗೂ ಸೇರಿ ಸಾಕು. ಉಳಿದದ್ದನ್ನ ಬಿಗಿ ಮುಚ್ಚಳದ ಡಬ್ಬದಲ್ಲಿಡು, ತಾರಸಿ ಮೂಲೆಯಲ್ಲಲ್ಲ, ಮನೆಯೊಳಗೆ.