ಎನ್-ಲಿಸ್ಟ್ ಇ-ಪುಸ್ತಕಗಳು: ಚಂದಾ ಕಟ್ಟುತ್ತಿದ್ದೇವೆ, ಓದುವವರಿಲ್ಲ

ಪ್ರಶ್ನೆ (ಗ್ರಂಥಪಾಲಕಿ, ಅನುದಾನಿತ ಪದವಿ ಕಾಲೇಜು):
ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ (ಕಾಲೇಜುಗಳಿಗೆ ಅಂತರ್ಜಾಲದಲ್ಲಿ ಇ-ಪುಸ್ತಕ ಒದಗಿಸುವ) ಯೋಜನೆಗೆ ನಮ್ಮ ಕಾಲೇಜು ಪ್ರತಿ ವರ್ಷವೂ ಚಂದಾ ಕಟ್ಟುತ್ತಿದೆ. ಅಲ್ಲಿ ಲಕ್ಷಕ್ಕೂ ಹೆಚ್ಚು ಇ-ಪುಸ್ತಕಗಳಿದ್ದರೂ ಬಳಸುವವರು ಮೂರ್ನಾಲ್ಕು ಅಧ್ಯಾಪಕರು ಮಾತ್ರ. ಪ್ರವೇಶಾತಿ ಮುಗಿದೊಡನೆ ವಿದ್ಯಾರ್ಥಿಗಳ ಹೆಸರು, ಇಮೇಲ್ ಸೇರಿಸಿ ಎಲ್ಲರಿಗೂ ಲಾಗಿನ್ ಕೊಡಿಸುತ್ತೇನೆ. ಪರೀಕ್ಷೆ ಬಂದಾಗ ಅದೇ ವಿದ್ಯಾರ್ಥಿಗಳು ರಟ್ಟು ಕಿತ್ತುಹೋದ ಒಂದೇ ಪ್ರತಿಗಾಗಿ ಕೌಂಟರಿನ ಮುಂದೆ ಸಾಲುಗಟ್ಟುತ್ತಾರೆ. ನಿಮ್ಮಲ್ಲಿ ಬಳಕೆ ಹೆಚ್ಚಿದ್ದರೆ, ಏನು ಮಾಡಿದಿರಿ ಎಂದು ದಯವಿಟ್ಟು ತಿಳಿಸಿ.

ಉತ್ತರ 1 (ಗ್ರಂಥಪಾಲಕ):
ಮೇಡಂ, ನಮ್ಮಲ್ಲಿ ಅರ್ಧ ತೊಡಕು ಪಾಸ್‌ವರ್ಡಿನದೇ ಆಗಿತ್ತು. ಅದು ಇಮೇಲಿಗೆ ಹೋಗುತ್ತದೆ. ನಮ್ಮ ಹುಡುಗರು ಇಮೇಲ್ ತೆರೆಯುವುದೇ ಅಪರೂಪ, ತೆರೆದರೂ ಪತ್ರ ಸ್ಪ್ಯಾಮಿನಲ್ಲಿ ಬಿದ್ದಿರುತ್ತದೆ. ಈಗ ಹತ್ತು ಹತ್ತು ಮಂದಿಯನ್ನು ಕೂರಿಸಿಕೊಂಡು ಅವರವರ ಮೊಬೈಲಿನಲ್ಲೇ ಮೊದಲ ಲಾಗಿನ್ ಮಾಡಿಸುತ್ತೇನೆ. ಅದಕ್ಕಿಂತ ಫಲ ಕೊಟ್ಟದ್ದು ಇನ್ನೊಂದು: ಪಠ್ಯಕ್ರಮಕ್ಕೆ ಹೊಂದುವ ನಲವತ್ತು ಶೀರ್ಷಿಕೆಗಳನ್ನು ಆರಿಸಿ, ನಮ್ಮ ಗ್ರಂಥಾಲಯ ತಂತ್ರಾಂಶ ಕೋಹಾದಲ್ಲಿ ಮುದ್ರಿತ ಪುಸ್ತಕದ ದಾಖಲೆಯ 856ನೇ ಫೀಲ್ಡಿಗೆ (ಜಾಲಕೊಂಡಿಗೆಂದೇ ಇರುವ ಜಾಗಕ್ಕೆ) ಇ-ಪುಸ್ತಕದ ಕೊಂಡಿ ಸೇರಿಸಿದೆ. ಪ್ರತಿಗಳೆಲ್ಲ ಹೊರಗೆ ಹೋಗಿದ್ದರೂ ಹುಡುಕಿದವನ ಕಣ್ಣಿಗೆ ಕೊಂಡಿ ಬೀಳುತ್ತದೆ. ಲಕ್ಷ ಪುಸ್ತಕಗಳೆಂದು ಹೇಳಿದಾಗ ಯಾರೂ ಬರಲಿಲ್ಲ, ನಲವತ್ತಕ್ಕೆ ಬಂದರು.

ಉತ್ತರ 2 (ಅರ್ಥಶಾಸ್ತ್ರ ಅಧ್ಯಾಪಕ):
ಸರ್ ಹೇಳಿದ್ದು ಇಂಗ್ಲಿಷ್ ಮಾಧ್ಯಮಕ್ಕೆ ಸರಿಹೋಗುತ್ತದೆ. ನನ್ನ ಬಿ.ಎ. ತರಗತಿಯವರು ಉತ್ತರ ಬರೆಯುವುದು ಕನ್ನಡದಲ್ಲಿ. ಆ ಸಂಗ್ರಹವೋ ಬಹುಪಾಲು ವಿದೇಶಿ ಪ್ರಕಾಶಕರ ಇಂಗ್ಲಿಷ್ ಪುಸ್ತಕಗಳದು. ಕನ್ನಡದ ಪಿಡಿಎಫ್‌ಗಳು ಬೇರೆಡೆ ಸಿಗುತ್ತವೆ, ಆದರೆ ಹಲವು ಹಳೆಯ ನುಡಿ ಫಾಂಟಿನವು; ಅದರಲ್ಲಿ ಕಾಣುವುದು ಕನ್ನಡವಾದರೂ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ಒಮ್ಮೆ ಅಂಥದ್ದರಲ್ಲಿ ‘ಹಣದುಬ್ಬರ’ ಎಂದು ಯೂನಿಕೋಡಿನಲ್ಲಿ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತದಲ್ಲಿ) ಹುಡುಕಿದೆ. ಪುಟದ ತಲೆಬರಹವೇ ಆ ಪದವಾಗಿದ್ದರೂ ಫಲಿತಾಂಶ ಶೂನ್ಯ. ಸಾಲನ್ನು ನಕಲು ಮಾಡಿ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಹುಡುಕಲಾಗದ ಇ-ಪುಸ್ತಕಕ್ಕಿಂತ ಪರಿವಿಡಿಯಿರುವ ಹರಕು ಪುಸ್ತಕವೇ ಮೇಲೆಂದು ವಿದ್ಯಾರ್ಥಿ ಭಾವಿಸಿದರೆ ನಾನಂತೂ ಆಕ್ಷೇಪಿಸಲಾರೆ.

ಉತ್ತರ 3 (ಎಂ.ಎಸ್ಸಿ. ವಿದ್ಯಾರ್ಥಿನಿ):
ಬೇಕಾದ ಅಧ್ಯಾಯ ಯಾವುದೆಂದು ಗೊತ್ತಿದ್ದರೆ ಇ-ಪುಸ್ತಕ ನಿಜಕ್ಕೂ ಅನುಕೂಲ; ಹಾಸ್ಟೆಲಿನಿಂದ ರಾತ್ರಿ ಹನ್ನೊಂದಕ್ಕೂ ತೆರೆಯಬಹುದು. ಇಡೀ ಪುಸ್ತಕವನ್ನು ಮೊಬೈಲಿನಲ್ಲಿ ಓದುವುದು ಮಾತ್ರ ಕಷ್ಟ. ಸಮೀಕರಣ ಕಾಣಲೆಂದು ಪುಟ ಹಿಗ್ಗಿಸಿದರೆ ಅದರ ವಿವರಣೆ ಪರದೆಯಿಂದಾಚೆ ಸರಿಯುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸೋಮವಾರ ಬಿ.ಕಾಂ. ವಿಭಾಗದ ಪಠ್ಯಕ್ರಮ ಹಿಡಿದು ಕೂರುತ್ತೇನೆ; ಕನ್ನಡ ಮಾಧ್ಯಮದವರಿಗೆ, ಸದ್ಯಕ್ಕೆ, ಮುದ್ರಿತ ಪ್ರತಿಗಳನ್ನೇ ಹೆಚ್ಚಿಸುವಂತೆ ಪ್ರಾಂಶುಪಾಲರಿಗೆ ಪತ್ರ ಬರೆಯುತ್ತೇನೆ.