ಫಿನ್‌ಸ್ಟರಾರ್‌ಹಾರ್ನ್ ಸ್ಕೀ ಟೂರ್: ನಮ್ಮ ಪ್ಲಾನ್ ಸ್ವಲ್ಪ ನೋಡ್ರಿ

ಉಣಕಲ್_ವಾಕರ್:
ನಮಸ್ಕಾರ. ಹುಬ್ಬಳ್ಳಿಯವನು, ವಯಸ್ಸು 38. ಔಲಿಯಲ್ಲಿ ಎರಡು ಚಳಿಗಾಲ ಸ್ಕೀ ಕಲಿತಿದ್ದೇನೆ. ಕಾಕಾನ ಮಗ ಜೂರಿಕ್‌ನಲ್ಲಿದ್ದಾನೆ. ಬರುವ ಏಪ್ರಿಲ್‌ನಲ್ಲಿ ಇಬ್ಬರೂ ಸ್ಕೀ ಹಾಕಿಕೊಂಡು ಸ್ವಿಟ್ಜರ್ಲೆಂಡಿನ ಫಿನ್‌ಸ್ಟರಾರ್‌ಹಾರ್ನ್ ಶಿಖರ (4,274 ಮೀಟರ್) ಹತ್ತಬೇಕು ಅಂತಿದ್ದೇವೆ. ಮೊದಲ ದಿನ ರೈಲಿನಲ್ಲಿ ಯುಂಗ್‌ಫ್ರಾಯೋಖ್, ಅಲ್ಲಿಂದ ಅಲೆಚ್ ಹಿಮನದಿ ಮೇಲೆ ಜಾರಿ ಕೊಂಕಾರ್ಡಿಯಾ ಹಟ್ (ಪರ್ವತದ ಮೇಲಿನ ತಂಗುಮನೆ). ಎರಡನೇ ದಿನ ಗ್ರ್ಯೂನ್‌ಹಾರ್ನ್‌ಲ್ಯುಕೆ ಪಾಸ್ ದಾಟಿ ಫಿನ್‌ಸ್ಟರಾರ್‌ಹಾರ್ನ್ ಹಟ್. ಮೂರನೇ ದಿನ ಶಿಖರ. ನಾಲ್ಕನೇ ದಿನ ಲ್ಯೋಚೆನ್‌ಲ್ಯುಕೆ ಮೇಲಿಂದ ಬ್ಲಾಟೆನ್‌ಗೆ ಇಳಿದು ಬಸ್. ಗೈಡ್ ಯಾಕೆ, ಸುಮ್ನೆ ದುಡ್ಡು ಅಂತಾನೆ ತಮ್ಮ. ನಾನು ದಿನಾ 12 ಕೆಜಿ ಚೀಲ ಹೊತ್ತು ನೃಪತುಂಗ ಬೆಟ್ಟ ಹತ್ತುತ್ತಿದ್ದೇನೆ. ಸಾಕಾ?

ಸಾಧನಕೇರಿ_ಅಕ್ಕ:
ಬೆಟ್ಟ ಹತ್ತಿದ್ದು ವ್ಯರ್ಥ ಆಗಲ್ಲ ಬಿಡ್ರಿ. ಕೊಂಕಾರ್ಡಿಯಾ ಹಟ್ 1877ರಲ್ಲಿ ಕಟ್ಟಿದಾಗ ಹಿಮನದಿ ಅದರ ಹತ್ತಿರವೇ ಇತ್ತು. ಈಗ ಮಂಜು ಎಷ್ಟು ಕೆಳಗಿಳಿದಿದೆ ಅಂದರೆ ಬಂಡೆಗೆ ಜಡಿದ 400ಕ್ಕೂ ಜಾಸ್ತಿ ಕಬ್ಬಿಣದ ಮೆಟ್ಟಿಲು ಹತ್ತಬೇಕು. ಅದೂ ಸ್ಕೀ ಬೂಟಿನಲ್ಲಿ, ಬೆನ್ನಿಗೆ ಸ್ಕೀ ಕಟ್ಟಿಕೊಂಡು.

ಆದರೆ ತೊಂದರೆ ಇರುವುದು ಇಳಿಯುವಾಗ. ಔಲಿಯಲ್ಲಿ ಮಷೀನ್ ಓಡಿಸಿ ಹಿಮ ಸಪಾಟು ಮಾಡಿರುತ್ತಾರೆ. ಇಲ್ಲಿ ಮೇಲೆ ಹಪ್ಪಳದ ಹಾಗೆ ಗಟ್ಟಿ, ಕಾಲಿಟ್ಟರೆ ಒಳಗೆ ಪುಡಿ. ಅದರಲ್ಲಿ ಚೀಲ ಹೊತ್ತು, ಬೇಕಾದ ಕಡೆ ನಿಲ್ಲಲು ಬರುತ್ತಾ? ಮೊದಲು ಅದನ್ನು ನೋಡಿಕೊಳ್ಳಿ.

ನಾನು ಗೈಡ್ ಜೊತೆ ಹೋಗಿದ್ದೆ. ಶಿಖರದ ಕೆಳಗಿನ ಹುಗಿಸಾಟೆಲ್ ಅನ್ನೋ ತಗ್ಗಿನವರೆಗೆ (4,088 ಮೀಟರ್) ಹೋಗಿ ವಾಪಸ್ ಬಂದೆ. ಸ್ಕೀ ಅಲ್ಲೇ ಬಿಟ್ಟು, ಬೂಟಿಗೆ ಕ್ರಾಂಪಾನ್ (ಕಬ್ಬಿಣದ ಮುಳ್ಳು) ಕಟ್ಟಿ ಕಲ್ಲಿನ ಏಣಿನ (ರಿಡ್ಜ್) ಮೇಲೆ ಶಿಖರಕ್ಕೆ ಹೋಗಬೇಕು. ಗಾಳಿ ಬಹಳ ಇತ್ತು. ಗೈಡ್ ಕೈಗಡಿಯಾರ ನೋಡಿ ವಾಪಸ್ ಅಂದ, ಅಷ್ಟೇ. ರಾತ್ರಿ ಗಟ್ಟಿಯಾದ ಹಿಮ ಬಿಸಿಲಿಗೆ ಮೆತ್ತಗಾದರೆ ಹಿಮನದಿಯ ಬಿರುಕಿನ ಮೇಲಿನ ಹಿಮದ ಸೇತುವೆ ಕುಸಿಯುತ್ತದೆ, ಇಳಿಜಾರೇ ಜಾರಿ ಬರುತ್ತದೆ. ಅದಕ್ಕೇ ನಸುಕಿನಲ್ಲಿ ಹೊರಡುವುದು. ಅರ್ಧ ಗಂಟೆ ಅತ್ತೂ ಬಿಟ್ಟೆ ಅನ್ನಿ.

ಇಬ್ಬರೇ ಹೋಗುವುದು ನನಗೆ ಒಪ್ಪಿಗೆ ಇಲ್ಲ. ಒಬ್ಬ ಬಿರುಕಿನಲ್ಲಿ ಬಿದ್ದರೆ ಇನ್ನೊಬ್ಬ ಅವನ ಭಾರ ಹಿಡಿದುಕೊಂಡೇ ಹಿಮದಲ್ಲಿ ಆಂಕರ್ (ಹಗ್ಗ ಕಟ್ಟುವ ಆಧಾರ) ಹೂಳಬೇಕು, ಆಮೇಲೆ ಹಗ್ಗದ ರಾಟೆ ಕಟ್ಟಿ ಎಳೆಯಬೇಕು. ಬಾವಿಗೆ ಬಿದ್ದ ಕೊಡ ಎತ್ತಿದ ಹಾಗಲ್ಲ ಅದು. ಟ್ರಾನ್ಸೀವರ್ (ಹೂತವನನ್ನು ಹುಡುಕುವ ಸಿಗ್ನಲ್ ಯಂತ್ರ), ಪ್ರೋಬ್ (ಹಿಮದಲ್ಲಿ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಮೂರೂ ಇಬ್ಬರ ಹತ್ತಿರವೂ ಇರಲಿ. ಹಿಮಕುಸಿತದಲ್ಲಿ ಹೂತವನಿಗೆ ಮೊದಲ 15 ನಿಮಿಷವೇ ಮುಖ್ಯ.

ಗದಗಿನ_ಗಾಳಿ:
ಬಸ್ಸಿನ ವಿಷಯ. 2025ರ ಮೇ 28ರಂದು ಬಿರ್ಚ್ ಹಿಮನದಿ ಕುಸಿದು ಬ್ಲಾಟೆನ್ ಊರಿನ ಬಹುಭಾಗ ಮುಚ್ಚಿಹೋಗಿದೆ. ನೀವು ಹಳೆ ಬ್ಲಾಗ್ ನೋಡಿ ಪ್ಲಾನ್ ಮಾಡಿದ್ದೀರಿ, ಅಲ್ವಾ? ಆ ಕಣಿವೆಯ ರಸ್ತೆ ಹೊಸದಾಗಿ ವಿಚಾರಿಸಿ. ಇನ್ನೊಂದು, ಹುಬ್ಬಳ್ಳಿಯವರು ನೇರ 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್‌ಗೆ ರೈಲಿನಲ್ಲಿ ಹೋಗಿ ಇಳಿದರೆ ತಲೆನೋವು ಗ್ಯಾರಂಟಿ. ಮೊದಲು ಒಂದೆರಡು ಸಣ್ಣ ಟೂರ್ ಮಾಡಿ.

ಉಣಕಲ್_ವಾಕರ್:
ಬ್ಲಾಟೆನ್ ಸುದ್ದಿ ಓದಿದ್ದೆ. ನಮ್ಮ ದಾರಿಯ ಊರು ಅದೇ ಅಂತ ಹೊಳೆದೇ ಇರಲಿಲ್ಲ, ನಾಚಿಕೆ ಆಯಿತು. ಅಕ್ಕಾರೆ, ನೀವು ಹೇಳಿದ್ದನ್ನು ತಮ್ಮನಿಗೆ ಓದಿ ಹೇಳಿದೆ, ಗೈಡ್‌ಗೆ ಒಪ್ಪಿದ. ಏರುವಾಗ ಸ್ಕೀ ಅಡಿಗೆ ಅಂಟಿಸುವ ಪಟ್ಟಿ, ಸ್ಕಿನ್, ಅದರ ಬಗ್ಗೆ ಏನಾದರೂ? ಊಟಕ್ಕೆ ಖಡಕ್ ರೊಟ್ಟಿ ಒಯ್ಯಬಹುದಾ?

ಸಾಧನಕೇರಿ_ಅಕ್ಕ:
ಸ್ಕಿನ್ ಅಂದರೆ ಬೆಕ್ಕಿನ ಬೆನ್ನು. ಒಂದು ಕಡೆ ಸವರಿದರೆ ನುಣುಪು, ತಿರುಗಿಸಿದರೆ ತಡೆಯುತ್ತದೆ. ಅದಕ್ಕೇ ಏರುವಾಗ ಹಿಂದೆ ಜಾರಲ್ಲ. ತಣ್ಣಗಾದರೆ ಅಂಟು ಹಿಡಿಯಲ್ಲ, ಬಿಚ್ಚಿದ ಮೇಲೆ ಜಾಕೆಟ್ ಒಳಗೆ ಇಟ್ಟುಕೊಳ್ಳಿ. ರಾತ್ರಿ ಊಟ ಹಟ್‌ನಲ್ಲೇ ಸಿಗುತ್ತದೆ, ಸಸ್ಯಾಹಾರ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ರೊಟ್ಟಿ ನಾನೂ ಒಯ್ದಿದ್ದೆ. ಎರಡನೇ ದಿನಕ್ಕೆ ಪುಡಿ. ಶೇಂಗಾ ಚಟ್ನಿ ಬೆರೆಸಿ ಚಮಚೆಯಲ್ಲಿ ತಿಂದೆ.