14 ವರ್ಷದ ಗೆಳೆತನದಲ್ಲಿ ಇಷ್ಟೂ ಗೊತ್ತಿರಲ್ವಾ? ಗಂಡಸರೇ, ನಿಜ ಹೇಳಿ

ಕಿಟಕಿಪಕ್ಕ (ಪ್ರಶ್ನೆ)

ನನ್ನ ಗಂಡ ಮತ್ತು ಅವರ ಗೆಳೆಯ 14 ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಶಟಲ್ ಆಡುತ್ತಾರೆ. ಒಬ್ಬರಿಗೆ ಮಂಡಿ ನೋವಿದ್ದರೂ ಇಬ್ಬರೂ ಹೋಗುತ್ತಾರೆ, ಸುಮ್ನೆ ಕೂತು ಬರುತ್ತಾರೆ.

ಮೊನ್ನೆ ಆ ಗೆಳೆಯನ ಹೆಂಡತಿ ಸಿಕ್ಕಿದ್ದರು. ತಾವು ಗಂಡನಿಂದ ದೂರವಾಗಿ ಬೇರೆ ಮನೆ ಮಾಡಿ ಏಳು ತಿಂಗಳಾಯಿತು ಎಂದರು. "ನಿಮ್ಮವರು ಹೇಳಿರ್ತಾರೆ ಅಂದ್ಕೊಂಡಿದ್ದೆ" ಅಂತ ಬೇರೆ. ನಾನು ಗೊತ್ತಿರುವವಳ ಹಾಗೆ ತಲೆಯಾಡಿಸಿದೆ.

ಮನೆಗೆ ಬಂದು ಕೇಳಿದರೆ ಇವರಿಗೆ ಗೊತ್ತೇ ಇಲ್ಲ! ಏಳು ತಿಂಗಳೆಂದರೆ ಮೂವತ್ತು ಭಾನುವಾರ. ಹಾಗಾದರೆ ಅಲ್ಲಿ ಏನು ಮಾತಾಡ್ತೀರಿ ಅಂದೆ. ತುಂಬಾ ಯೋಚಿಸಿ, "ರಾಕೆಟ್ ತಂತಿ ಸಡಿಲ ಆಗಿದೆ ಅಂತಿದ್ದ" ಅಂದರು. ನನ್ನ ಗೆಳತಿಗೆ ಹಲ್ಲು ನೋವು ಬಂದರೆ ಯಾವ ಹಲ್ಲು ಅಂತ ನನಗೆ ಗೊತ್ತಿರುತ್ತದೆ.

ಈಗಲಾದರೂ ಫೋನ್ ಮಾಡುತ್ತಾರೇನೋ ಎಂದು ಕಾದೆ. ಇಲ್ಲ. ಮುಂದಿನ ಭಾನುವಾರ ಆರಕ್ಕೆ ಹೊರಡುವವರು ಐದಕ್ಕೇ ಹೊರಟರು. ಬಂದದ್ದು ಹನ್ನೊಂದಕ್ಕೆ. "ಕೇಳಿದ್ರಾ?" "ಇಲ್ಲ. ಐದು ಗೇಮ್ ಆಡಿದ್ವಿ. ಮೂರು ಸೋತೆ." ಇವರು ಅವರ ಕೈಯಲ್ಲಿ ಸೋಲುವುದೇ ಅಪರೂಪ. ಬೇಕಂತಲೇ ಸೋತ್ರಾ ಅಂದರೆ ಸ್ನಾನಕ್ಕೆ ಹೋಗಿಬಿಟ್ಟರು.

ಗಂಡಸರ ಸ್ವಭಾವವೇ ಹೀಗಾ, ಇವರಿಬ್ಬರು ಮಾತ್ರವಾ? ತಮಾಷೆಗೆ ಕೇಳ್ತಿಲ್ಲ.

ಮೊಂಡುಪೆನ್ಸಿಲ್

ನನಗೆ 51. ಕೆಲವು ವರ್ಷದ ಹಿಂದೆ ಕೆಲಸ ಹೋಯಿತು. ನಾಲ್ಕು ತಿಂಗಳು ಮನೆಯಲ್ಲಿ ಹೇಳಲಿಲ್ಲ. ದಿನಾ ಬ್ಯಾಗ್ ಹಾಕಿಕೊಂಡು ಹೊರಟು ಲೈಬ್ರರಿಯಲ್ಲಿ ಕೂರುತ್ತಿದ್ದೆ. ನಾಚಿಕೆಗೇಡು, ಗೊತ್ತು. ಎರಡನೇ ವಾರ ಹಳೇ ಗೆಳೆಯನೊಬ್ಬ ಅಲ್ಲಿಗೇ ಬಂದ. ನೋಡಿ ನಕ್ಕ, ಪಕ್ಕದ ಕುರ್ಚಿಯಲ್ಲಿ ಕೂತು ಪೇಪರ್ ಓದಿದ. ಆಮೇಲೆ ವಾರಕ್ಕೆ ಎರಡು ದಿನವಾದರೂ ಬರುತ್ತಿದ್ದ. ಒಂದು ದಿನವೂ "ಯಾಕೆ ಇಲ್ಲಿ?" ಅನ್ನಲಿಲ್ಲ. ಅವನಿಗೆ ಮೊದಲೇ ಎಲ್ಲಾ ಗೊತ್ತಿತ್ತು ಅಂತ ನನಗೆ ತಿಳಿದದ್ದು ಹೊಸ ಕೆಲಸ ಸಿಕ್ಕಿದ ಮೇಲೆ. ಅವನು ಕೇಳಿದ್ದಿದ್ದರೆ ನಾನು ಮಾರನೇ ದಿನ ಬೇರೆ ಲೈಬ್ರರಿ ಹುಡುಕುತ್ತಿದ್ದೆ.

ಆಸ್ಟ್ರೇಲಿಯಾದಲ್ಲಿ ಮೆನ್ಸ್ ಶೆಡ್ ಅಂತ ಇವೆ. 1990ರ ದಶಕದಲ್ಲಿ ಶುರುವಾದವು. ಹೆಚ್ಚಾಗಿ ನಿವೃತ್ತರಾದವರು ಸೇರಿ ಮರಗೆಲಸ, ರಿಪೇರಿ ಅಂತ ಏನಾದರೂ ಮಾಡುತ್ತಾರೆ. ಗಂಡಸರು ಎದುರುಬದುರು ಕೂತು ಮಾತಾಡಲ್ಲ, ಹೆಗಲಿಗೆ ಹೆಗಲು ತಾಗಿಸಿ ಮಾತಾಡ್ತಾರೆ ಅನ್ನುವುದು ಅವರ ಘೋಷವಾಕ್ಯ. ಕೈಗೊಂದು ಕೆಲಸ, ಕಣ್ಣಿಗೆ ನೋಡಲು ಬೇರೆ ಏನಾದರೂ ಇರಬೇಕು. ಆಗ ಬಾಯಿ ತಾನಾಗಿ ಬಿಡುತ್ತದೆ. ನಿಮ್ಮವರು ಮೂರು ಗೇಮ್ ಸೋತದ್ದು ಬೇಕಂತಲೇ. ಬರೆದಿಟ್ಟುಕೊಳ್ಳಿ.

ಅರ್ಧಚಂದ್ರ

ಅಷ್ಟು ಚೆಂದ ಮಾಡಿ ಹೇಳಬೇಡಿ ಸಾರ್. ನನ್ನ ಅಣ್ಣನ ಸಾಲದ ವಿಷಯ ಅವನ ಜೊತೆ ದಿನಾ ವಾಕಿಂಗ್ ಹೋಗುತ್ತಿದ್ದ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೆಗಲಿಗೆ ಹೆಗಲು ತಾಗಿಸಿಯೇ ನಡೆಯುತ್ತಿದ್ದರಲ್ಲ! ಒಂಬತ್ತು ದಿನ ಐಸಿಯುನಲ್ಲಿದ್ದ. ಈಗ ಚೆನ್ನಾಗಿದ್ದಾನೆ, ನಮ್ಮ ಅದೃಷ್ಟ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿ. ಖಿನ್ನತೆ ಜಾಸ್ತಿ ಕಾಣುವುದು ಹೆಂಗಸರಲ್ಲಿ. ಆತ್ಮಹತ್ಯೆಯ ಪ್ರಮಾಣ ಮಾತ್ರ ಗಂಡಸರಲ್ಲಿ ಎರಡು ಪಟ್ಟಿಗೂ ಹೆಚ್ಚು. ಕಾರಣ ಬರೀ ಮೌನ ಅಂತ ನಾನು ಹೇಳಲ್ಲ. ಆದರೆ ಆ ನಾಲ್ವರಲ್ಲಿ ಒಬ್ಬ ಬಾಯಿಬಿಟ್ಟು ಕೇಳಿದ್ದರೆ ಏನು ನಷ್ಟವಿತ್ತು? ಅವನು ಬೇರೆ ದಾರಿಯಲ್ಲಿ ವಾಕಿಂಗ್ ಹೋಗುತ್ತಿದ್ದ, ಅಷ್ಟೇ ತಾನೇ?

ಸೀಮೆಸುಣ್ಣ

ಮೇಷ್ಟ್ರು ನಾನು. ಮೂರನೇ ಕ್ಲಾಸಿನ ಹುಡುಗರು ಎಲ್ಲಾ ಹೇಳುತ್ತಾರೆ. ಅಪ್ಪ ಅಮ್ಮ ಜಗಳ ಆಡಿದ್ದು, ರಾತ್ರಿ ಹೆದರಿದ್ದು. ಅಳುವುದೂ ಹುಡುಗಿಯರಷ್ಟೇ. ಅದೇ ಹುಡುಗ ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ "ಏನಿಲ್ಲ ಸಾರ್" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಹಾರ್ಮೋನಿನ ಪಾಲೂ ಇದ್ದೀತು. ಆದರೆ ನಡುವೆ ಒಮ್ಮೆ ಅತ್ತಾಗ ಇಡೀ ಕ್ಲಾಸು ನಕ್ಕದ್ದನ್ನು ನಾನೇ ನೋಡಿದ್ದೇನೆ. ಹುಟ್ಟುಗುಣ ಅಂತ ಇದನ್ನು ಒಪ್ಪಲು ನನಗೆ ಆಗುವುದಿಲ್ಲ.

ಹಾರ್ವರ್ಡ್‌ನಲ್ಲಿ ಜನರ ಆರೋಗ್ಯ, ನೆಮ್ಮದಿ ಬಗ್ಗೆ 1938ರಲ್ಲಿ ಶುರುವಾದ ಒಂದು ಅಧ್ಯಯನ ಇನ್ನೂ ನಡೆಯುತ್ತಿದೆ. ಮೊದಲಿಗೆ ಅದರಲ್ಲಿದ್ದವರೆಲ್ಲ ಗಂಡಸರೇ. ಅದರಲ್ಲಿ ಕೇಳುವ ಒಂದು ಪ್ರಶ್ನೆ: ನಡುರಾತ್ರಿ ಕಾಯಿಲೆಯೋ ಭಯವೋ ಆದರೆ ಯಾರಿಗೆ ಫೋನ್ ಮಾಡುತ್ತೀರಿ? ಮನೆಯಲ್ಲಿ ಕೇಳಿ ನೋಡಿ.

ತಿರುಗುಬಾಣ

ನಮ್ಮವರು ಪಿಜ್ಜಾದವನಿಗೆ ಅಂದರು.

ಕಿಟಕಿಪಕ್ಕ

ಮೇಷ್ಟ್ರ ಪ್ರಶ್ನೆ ಕೇಳಿದೆ. ಯೋಚನೆ ಕೂಡ ಮಾಡದೆ ಆ ಗೆಳೆಯನ ಹೆಸರು ಹೇಳಿದರು. (ನನ್ನ ಹೆಸರಲ್ಲ. "ನೀನು ಪಕ್ಕದಲ್ಲೇ ಇರ್ತೀಯಲ್ಲ" ಅಂತ ಸಮಜಾಯಿಷಿ.) ಯಾವತ್ತಾದರೂ ಮಾಡಿದ್ದೀರಾ ಅಂದರೆ, ಇಲ್ಲ. ಅವರು? ಅವರೂ ಇಲ್ಲ. ಅರ್ಧಚಂದ್ರ ಅವರೇ, ನಿಮ್ಮ ಅಣ್ಣನ ವಿಷಯ ಓದಿ ಹೇಳಿದೆ. ಏನೂ ಮಾತಾಡಲಿಲ್ಲ.

ಈ ಭಾನುವಾರ ಆಟ ಮುಗಿದ ಮೇಲೆ ಇವರು ಕೇಳಿದರಂತೆ, "ಊಟಕ್ಕೆ ಏನ್ ಮಾಡ್ಕೊಂಡಿದೀಯ ಈಗ?" ಅಂತ. ಅಷ್ಟೇ. ಅವರು ಬಗ್ಗಿ ಶೂ ದಾರ ಬಿಚ್ಚುತ್ತಿದ್ದವರು ತಲೆ ಎತ್ತದೆ ಅರ್ಧ ಗಂಟೆ ಮಾತಾಡಿದರಂತೆ.

ಏನಂದರು ಅಂತ ಮೂರು ದಿನದಿಂದ ಕೇಳುತ್ತಿದ್ದೇನೆ. ಇವರು ಬಾಯಿಬಿಡುತ್ತಿಲ್ಲ.